ತಪಾಸಣೆಯ ದಿನದ ಅಂಗಿ

ಮಲ್ಲಂದೂರಿನ ಗಿರಿಜಾಂಬಾ ಅವರ ಮನೆಗೆ ಹೇಳದೆ ಕೇಳದೆ ಹೋದವರು ಯಾರೂ ಬರೀ ಹೊಟ್ಟೆಯಲ್ಲಿ ವಾಪಸು ಬಂದದ್ದಿಲ್ಲ. ಹಾಗಂತ ಅವರೇನು ದೊಡ್ಡ ಪ್ಲಾಂಟರ್ ಅಲ್ಲ. ಗಂಡ ಮಲ್ಲಿಕಾರ್ಜುನಪ್ಪನವರಿಗೆ ಇದ್ದದ್ದು ಮೂರೂವರೆ ಎಕರೆ ಕಾಫಿ, ಅದರಲ್ಲೂ ಒಂದಷ್ಟು ಬರೀ ಬಂಡೆ. ಕಾಫಿಗೆ ರೇಟು ಬಂದ ವರ್ಷವೂ ಬಾರದ ವರ್ಷವೂ ನೆಂಟರಿಗೆ ಒಂದೇ ಥರದ ಗಟ್ಟಿ ಡಿಕಾಕ್ಷನ್ನು, ಒಂದೇ ಥರದ ಅಕ್ಕಿರೊಟ್ಟಿ. ಮನೆಯವರೆಲ್ಲ ಬೆಲ್ಲ ಹಾಕಿ ಕುಡಿಯುತ್ತಿದ್ದ ದಿನಗಳಲ್ಲೂ ಬಂದವರ ಲೋಟಕ್ಕೆ ಸಕ್ಕರೆಯೇ ಬೀಳಬೇಕು. ಯಾರಾದರೂ ಇದನ್ನು ಹೊಗಳಿದರೆ ಅವರಿಗೆ ಸಿಟ್ಟು ಬರುತ್ತಿತ್ತು. "ಇದ್ರಲ್ಲಿ ಹೊಗಳೋದು ಎಂತ ಬಂತು? ನಮ್ಮನೆ ಕೊರತೆ ಬಂದವ್ರ ತಲೆಗೆ ಯಾಕೆ ಕಟ್ಟಬೇಕು?" ಎಂದು ರೇಗುತ್ತಿದ್ದರು.

ಈ ಗುಣವೇ ಒಂದು ಸಲ ಅವರ ಶಿಶುವಿಹಾರದ ಬಾಗಿಲು ಮುಚ್ಚಿಸಿತು. ಒಳ್ಳೆಯ ಗುಣ ಅಂತಲೇ ಊರೆಲ್ಲ ಹೇಳುತ್ತಿದ್ದ ಗುಣ ಅದು, ನೋಡಿ.

ಶಿಶುವಿಹಾರ ಶುರುವಾದದ್ದು ತೊಂಬತ್ತೆರಡರಲ್ಲಿ. ದೊಡ್ಡ ಎಸ್ಟೇಟುಗಳಲ್ಲಿ ಆಳುಗಳ ಮಕ್ಕಳನ್ನು ನೋಡಿಕೊಳ್ಳಲು ಒಂದು ಕೋಣೆ, ಒಬ್ಬಳು ಆಯಾ ಇರಬೇಕೆಂದು ಕಾನೂನೇ ಇತ್ತು. ಸಣ್ಣ ಬೆಳೆಗಾರರ ತೋಟಗಳಿಗೆ ಆ ಕಾನೂನು ಇಲ್ಲ. ಇವತ್ತು ಇವರ ತೋಟ, ನಾಳೆ ಅವರ ತೋಟ ಎಂದು ಹೋಗುವ ಹೆಂಗಸರು ಕೂಸುಗಳನ್ನು ಎಲ್ಲಿಗೆ ಹಾಕಬೇಕು? ಊರಿನ ಅಂಗನವಾಡಿಯಲ್ಲಿ ತೀರಾ ಸಣ್ಣವನ್ನು ಇಟ್ಟುಕೊಳ್ಳುತ್ತಿರಲಿಲ್ಲ, ಇಟ್ಟುಕೊಂಡವನ್ನೂ ಮಧ್ಯಾಹ್ನ ಮನೆಗೆ ಕಳಿಸುತ್ತಿದ್ದರು. ಅದಕ್ಕೇ ಸಿಲ್ವರ್ ಓಕ್ ಮರಕ್ಕೆ ಹಳೇ ಸೀರೆ ಕಟ್ಟಿ ಜೋಲಿ ಮಾಡುವುದು, ನಡೆದಾಡುವ ಮಗುವಾದರೆ ಗೋಣಿಚೀಲ ಹಾಸಿ ಕೂರಿಸುವುದು. ಇಲ್ಲವಾದರೆ ದೊಡ್ಡ ಮಗಳನ್ನು ಶಾಲೆ ಬಿಡಿಸಿ ಮನೆಯಲ್ಲಿ ಕಾವಲಿಗೆ ಇಡುವುದು.

ಆ ವರ್ಷದ ಕೊಯ್ಲಿನಲ್ಲಿ ಗಿರಿಜಾಂಬಾ ಅವರದೇ ತೋಟಕ್ಕೆ ಹಣ್ಣು ಕೊಯ್ಯಲು ಬಂದಿದ್ದ ತುಂಗಮ್ಮ ತನ್ನ ಮಗಳು ಸುಗುಣಳನ್ನು ಹೀಗೇ ಗೋಣಿಯ ಮೇಲೆ ಕೂರಿಸಿದ್ದಳು. ಮಗು ಚಗಳಿ ಇರುವೆಯ ಗೂಡಿಗೆ ಕೈ ಹಾಕಿತ್ತು. ಕಿರುಚಾಟ ಕೇಳಿ ಗಿರಿಜಾಂಬಾ ಓಡಿ ಹೋಗಿ ನೋಡಿದರೆ ಮಗುವಿನ ಮುಖವೆಲ್ಲ ಕೆಂಪು ದದ್ದು. ತುಂಗಮ್ಮ ಮಗುವನ್ನು ಎತ್ತಿ, ಇರುವೆ ಕೊಡವಿ, ಅಳುತ್ತಲೇ ಮತ್ತೆ ಗಿಡದ ಕಡೆ ತಿರುಗಿದಳು, ಅವತ್ತಿನ ಕೊಯ್ಲು ಮುಗಿಯಬೇಕಿತ್ತಲ್ಲ. ಗಿರಿಜಾಂಬಾ ಬಾಯಿಗೆ ಬಂದ ಹಾಗೆ ಬೈದರು. ತುಂಗಮ್ಮನನ್ನಲ್ಲ, ಯಾರನ್ನೆಂದು ಅವರಿಗೂ ಗೊತ್ತಿರಲಿಲ್ಲ. ಬೈಯುತ್ತಲೇ ಮಗುವನ್ನು ಸೊಂಟಕ್ಕೆ ಏರಿಸಿಕೊಂಡು ಮನೆಗೆ ಬಂದರು. ಮಾರನೆಯ ದಿನ ಜಗಲಿಯಲ್ಲಿ ಮೂರು ಮಕ್ಕಳಾದವು. ವಾರದಲ್ಲಿ ಜಗಲಿ ತುಂಬಿತು.

"ಇದೆಂತದೇ ಸಂತೆ?" ಎಂದರು ಮಲ್ಲಿಕಾರ್ಜುನಪ್ಪ, ಕಾಲಿಡಲು ಜಾಗ ಹುಡುಕುತ್ತ.

"ಸಂತೆಯಾದ್ರೆ ಸಂಜೆ ಎದ್ದೋಗತ್ತೆ. ನೀವು ಹಿತ್ತಲ ಬಾಗಿಲಿಂದ ಬನ್ನಿ," ಎಂದರು ಹೆಂಡತಿ.

ಊರಿನ ಮಹಿಳಾ ಮಂಡಳಿಯ ಅಧ್ಯಕ್ಷೆ ಶಂಕರಮ್ಮ ದೊಡ್ಡ ತೋಟದ ಮನೆಯವರು, ಜೀಪಿನಲ್ಲಿ ಓಡಾಡುವವರು. ಬಡವರ ಮಕ್ಕಳಿಗೆ ಶಿಶುವಿಹಾರ ನಡೆಸಿದರೆ ಸರ್ಕಾರದಿಂದ ಅನುದಾನ ಸಿಗುತ್ತದೆ ಎಂದು ಪತ್ತೆ ಮಾಡಿ, ಅರ್ಜಿ ಬರೆಸಿ, ಚಿಕ್ಕಮಗಳೂರಿಗೆ ಅಲೆದಾಡಿ ಅದನ್ನು ತಂದವರು ಅವರೇ. ತಮ್ಮ ತೋಟದ ಹಳೇ ಗೋದಾಮಿಗೆ ಸುಣ್ಣ ಹೊಡೆಸಿ ಬಿಟ್ಟುಕೊಟ್ಟರು. ಅನುದಾನ ಬಂದ ಮೇಲೆ ಮಕ್ಕಳಿಗೆ ಹಾಲು, ಅಕ್ಕಿ, ಹೆಸರುಕಾಳು ಬಂತು, ಚಾಪೆ ಬಂತು, ಒಬ್ಬಳು ಆಯಾ ಬಂದಳು. ಗಿರಿಜಾಂಬಾ ಅವರಿಗೆ ಟೀಚರಮ್ಮ ಎಂಬ ಹೆಸರೂ, ಅದರ ಜೊತೆಗೆ ಒಂದು ಪುಟ್ಟ ಗೌರವಧನವೂ ಬಂತು. ಬೆಳಿಗ್ಗೆ ಆಳುಗಳು ತೋಟಕ್ಕೆ ಹೊರಡುವ ಹೊತ್ತಿಗೆ ಬಾಗಿಲು ತೆರೆದರೆ ಅವರು ಹಿಂದಿರುಗುವ ತನಕ ಮುಚ್ಚುವಂತಿಲ್ಲ. ಮೊದಲ ಮಳೆಗಾಲದಲ್ಲೇ ಆಳುಗಳಿದ್ದ ಲೈನ್ ಮನೆಗಳ ದೊಡ್ಡ ಹುಡುಗಿಯರು ಮಳೆಗೆ ತಲೆಯ ಮೇಲೆ ಕೊಪ್ಪೆ ಹಾಕಿಕೊಂಡು ಶಾಲೆಗೆ ಹೊರಟದ್ದನ್ನು ಗಿರಿಜಾಂಬಾ ಬಾಗಿಲಲ್ಲಿ ನಿಂತು ನೋಡಿದರು. ಕಾಲ ಬಂದಾಗ ಸುಗುಣಳೂ ಆ ಸಾಲಿಗೆ ಸೇರಿದಳು. ಅವಳ ಜಾಗದಲ್ಲಿ ತಂಗಿ ಚೆಲುವಿ ಬಂದು ಕೂತಳು.

ತೊಂಬತ್ತೇಳರ ಡಿಸೆಂಬರಿನಲ್ಲಿ ತಪಾಸಣೆಗೆ ಸಾಹೇಬರೊಬ್ಬರು ಬರುತ್ತಾರೆಂದು ಕಾಗದ ಬಂತು. ಬಂತಲ್ಲ, ಶುರುವಾಯಿತು ಸಂಭ್ರಮ.

ಗಿರಿಜಾಂಬಾ ಮನೆಮನೆಗೆ ಹೋಗಿ ತಾಯಂದಿರಿಗೆ ಹೇಳಿ ಬಂದರು: "ನಾಳೆ ಮಕ್ಳು ಮುತ್ತಿನ ಹಾಗೆ ಬರ್ಬೇಕು. ಸಿಂಬಳ ಸುರಿಸ್ಕೊಂಡು ಬಂದ್ರೆ ವಾಪಸ್ ಕಳಿಸ್ತೀನಿ." ಹೇಳುವ ಅಗತ್ಯವೇ ಇರಲಿಲ್ಲ. ಊರಿಗೆ ದೊಡ್ಡವರು ಬರುತ್ತಾರೆಂದರೆ ಆ ತಾಯಂದಿರೂ ಸುಮ್ಮನಿರುವವರಲ್ಲ. ಇದ್ದವರು ಹಬ್ಬದ ಬಟ್ಟೆ ತೆಗೆದರು, ಇಲ್ಲದವರು ಮೇಸ್ತ್ರಿಯ ಮನೆ, ಎಸ್ಟೇಟಿನ ಲೆಕ್ಕ ಬರೆಯುವ ರೈಟರ ಮನೆ, ಅಂಗಡಿಯವರ ಮನೆಗಳಿಂದ ಅವರ ಮಕ್ಕಳ ಅಂಗಿ ಫ್ರಾಕು ಕೇಳಿ ತಂದರು. ಚೆಲುವಿ ರೈಟರ ಮಗಳ ಗುಲಾಬಿ ಫ್ರಾಕು ಹಾಕಿಕೊಂಡು, ಎಣ್ಣೆ ಹಚ್ಚಿದ ಎರಡು ಜುಟ್ಟಿಗೆ ಸೇವಂತಿಗೆ ಮುಡಿದು, ಮದುವೆಮನೆಗೆ ಬಂದವಳಂತೆ ಬಂದು ಕೂತಳು. ಶಂಕರಮ್ಮ ತಮ್ಮ ಮನೆಯಿಂದ ಸ್ಟೀಲ್ ತಟ್ಟೆ ಲೋಟ ಕಳಿಸಿದರು, ನೆಲಕ್ಕೆ ಜಮಖಾನ ಹಾಸಿದರು.

ಸಾಹೇಬರು ಬಂದರು, ನೋಡಿದರು, ಮಕ್ಕಳ ಪ್ರಾರ್ಥನೆ ಕೇಳಿದರು, ಚೆಲುವಿಯ ಗಲ್ಲ ಹಿಂಡಿದರು. ಊಟಕ್ಕೆ ಅವರನ್ನು ಶಂಕರಮ್ಮನವರ ಮನೆಗೆ ಕರೆದೊಯ್ದರು. ಅಕ್ಕಿರೊಟ್ಟಿ, ಎಣ್ಣೆಗಾಯಿ, ಕಾಯಿಕಡುಬು, ತುಪ್ಪ. ಹೊರಡುವಾಗ ಒಂದು ಕಾಫಿಪುಡಿ ಪೊಟ್ಟಣ. ಮಕ್ಕಳಿಗೆ ಊಟ ಬಡಿಸಿದ್ದು ಸಾಹೇಬರ ಜೀಪು ತಿರುವು ದಾಟಿದ ಮೇಲೆಯೇ. ಹಾಗೆ ಮಾಡಿಸಿದ್ದೂ ಗಿರಿಜಾಂಬಾ. ಊಟದ ಹೊತ್ತಿಗೆ ಮಕ್ಕಳು ಹೇಗೆ ಕೂರುತ್ತಾರೆಂದು ಅವರಿಗೆ ಗೊತ್ತಿತ್ತು, ಬಂದವರು ಅದನ್ನು ನೋಡುವುದು ಬೇಡವಾಗಿತ್ತು.

ಎಲ್ಲ ಸಾಂಗವಾಗಿ ನಡೆಯಿತೆಂದು ಎಲ್ಲರೂ ಬೀಗಿದರು. ತಿಂಗಳೊಳಗೆ ಉತ್ತರ ಬಂತು. ಕೇಂದ್ರ ಬಹಳ ಚೆನ್ನಾಗಿ ನಡೆಯುತ್ತಿದೆ, ಆದರೆ ಇಲ್ಲಿಗೆ ಬರುತ್ತಿರುವುದು ಅನುಕೂಲಸ್ಥರ ಮಕ್ಕಳು. ಅನುದಾನ ಕಡಿಮೆ ಆದಾಯದ ಕುಟುಂಬಗಳಿಗೆ ಮೀಸಲು, ಆದ್ದರಿಂದ ನಿಲ್ಲಿಸಲಾಗಿದೆ.

ಗಿರಿಜಾಂಬಾ ಆ ಕಾಗದವನ್ನು ಓದಿ ತಲೆಯ ಮೇಲೆ ಕೈ ಹೊತ್ತು ಕೂತರು. "ಅನುಕೂಲಸ್ಥರಂತೆ! ಆ ಮನುಷ್ಯನ ಕಣ್ಣಿಗೆ ಎಂತ ಬಡಿದಿತ್ತು?" ಎಂದು ಕೂಗಾಡಿದರು. ಕೂಗಾಡಿ ಮುಗಿದ ಮೇಲೆ, ಆ ಮನುಷ್ಯನ ಕಣ್ಣಿಗೆ ಬಟ್ಟೆ ಕಟ್ಟಿದ್ದು ತಾನೇ ಎಂಬುದು ಹೊಳೆಯಿತು. ಆ ರಾತ್ರಿ ಊಟ ಮಾಡಲಿಲ್ಲ.

ಕೆಲವು ವಾರ ಮನೆಯ ಅಕ್ಕಿಯಲ್ಲೇ ಹೇಗೋ ದೂಡಿದರು. ಸಂಬಳವಿಲ್ಲದೆ ಆಯಾ ಎಷ್ಟು ದಿನ ಬಂದಾಳು? ಹಾಲಿನವನು ಎಷ್ಟು ದಿನ ಕಾದಾನು? ರೊಬಸ್ಟಾ ಕೊಯ್ಲು ಜೋರಾಗಿದ್ದ ಹೊತ್ತಿನಲ್ಲೇ, ಅಂದರೆ ಶಿಶುವಿಹಾರ ಎಲ್ಲಕ್ಕಿಂತ ಹೆಚ್ಚು ಬೇಕಾಗಿದ್ದ ಹೊತ್ತಿನಲ್ಲೇ, ಗೋದಾಮಿಗೆ ಬೀಗ ಬಿತ್ತು. ಗಿರಿಜಾಂಬಾ ಜಗಲಿಯಲ್ಲಿ ಮತ್ತೆ ಶುರು ಮಾಡಲು ನೋಡಿದರು. ಅಷ್ಟರಲ್ಲಿ ಮಲ್ಲಿಕಾರ್ಜುನಪ್ಪ ತೋಟದ ನೆರಳಿನ ಮರಗಳ ಕೊಂಬೆ ಕಡಿಸುವ ಮರಗಸಿ ಮಾಡಿಸುವಾಗ ಜಾರಿ ಕಾಲು ಮುರಿದುಕೊಂಡು ಮಲಗಿದರು. ತೋಟವನ್ನೂ ಗಂಡನನ್ನೂ ನೋಡುವವರು ಅವರೊಬ್ಬರೇ ಆದರು.

ಒಂದು ದಿನ ಸೊಸೈಟಿಗೆ ಹೋಗಿ ಬರುವಾಗ ಗೋದಾಮಿನ ಮೆಟ್ಟಿಲ ಮೇಲೆ ಸುಗುಣ ಕೂತಿದ್ದಳು. ಸೊಂಟದ ಮೇಲೆ ಚೆಲುವಿ. ಎಂಟು ವರ್ಷದ ಹುಡುಗಿಯ ಸೊಂಟ ಅಷ್ಟು ಭಾರಕ್ಕೆ ಒಂದು ಕಡೆಗೆ ವಾಲಿತ್ತು.

"ಶಾಲೆಗೆ ಹೋಗ್ಲಿಲ್ವೇನೇ?"

"ಇಲ್ಲ ಟೀಚ್ರೆ. ಇವಳಿದ್ದಾಳಲ್ಲ," ಎಂದಳು ಸುಗುಣ. ದೂರಿನ ಧ್ವನಿಯೇನಲ್ಲ, ಇವತ್ತು ಮೋಡ ಇದೆ ಎನ್ನುವ ಹಾಗೆ ಹೇಳಿದಳು. ಗಿರಿಜಾಂಬಾ ಅವರಿಗೆ, ಇರುವೆ ಕಚ್ಚಿದ ಮುಖದ ಆ ಕೂಸನ್ನು ಎತ್ತಿಕೊಂಡು ಬಂದದ್ದು ಇದಕ್ಕೇನಾ ಎನಿಸಿತು.

ಅವತ್ತಿನಿಂದ ಅವರು ಶಂಕರಮ್ಮನವರ ಬೆನ್ನು ಹತ್ತಿದರು. ಪಾಪ, ಶಂಕರಮ್ಮನೂ ಕೈಕಟ್ಟಿ ಕೂತವರಲ್ಲ. ಮನವಿ ಕೊಟ್ಟರು, ಮತ್ತೆ ಕೊಟ್ಟರು, ಕಚೇರಿಯ ಬೆಂಚಿನ ಮೇಲೆ ಇಬ್ಬರೂ ಅದೆಷ್ಟು ಸಲ ಕೂತೆದ್ದರೋ. ಇನ್ನೊಂದು ಮಳೆಗಾಲ ಕಳೆದ ಮೇಲೆ, ಕೇಂದ್ರ ತೆರೆದಿಡಿ, ಮರುತಪಾಸಣೆಗೆ ಸರ್ವಮಂಗಳಾ ಎಂಬ ಅಧಿಕಾರಿ ಬರುತ್ತಾರೆ ಎಂದು ಕಾಗದ ಬಂತು. ಮಂಡಳಿಯವರು ಅಕ್ಕಿ ಕಾಳು ಹೊಂದಿಸಿ ಆ ವಾರದ ಮಟ್ಟಿಗೆ ಬೀಗ ತೆಗೆದರು.

ಈ ಸಲ ಶಂಕರಮ್ಮ ಖಡಾಖಂಡಿತವಾಗಿ ಹೇಳಿದರು: "ನೋಡು ಗಿರಿಜಾ, ಹೋದ ಸಲದ ಜಂಬ ಈ ಸಲ ಬೇಡ. ಜಮಖಾನ ಇಲ್ಲ, ಸ್ಟೀಲ್ ತಟ್ಟೆ ಇಲ್ಲ. ಮಕ್ಳು ದಿನಾ ಹ್ಯಾಗ್ ಬರ್ತಾವೋ ಹಾಗೇ ಬರ್ಲಿ. ಎಣ್ಣೆ ಬಾಚಣಿಗೆ ಮುಟ್ಟೋದು ಬೇಡ ಅಂತ ಹೇಳು, ಮಾರಾಯ್ತಿ."

"ಹೇಳ್ತೀನಿ ಅಕ್ಕ," ಎಂದರು ಗಿರಿಜಾಂಬಾ. ಲೈನಿಗೆ ಹೋಗಿ ಹೇಳಿದರು ಕೂಡ. ಹೇಳುವಾಗ ಅವರ ಮುಖ ಅವರಿಗೇ ಬೇಡವಾಗಿತ್ತು. ತಾಯಂದಿರು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ.

ಬೆಳಿಗ್ಗೆ ನೋಡಿದರೆ ಎಲ್ಲ ಮಕ್ಕಳೂ ಬಾಚಿದ ತಲೆ, ಒಗೆದ ಬಟ್ಟೆ. ಚೆಲುವಿಯ ಮೈಮೇಲೆ ಅದೇ ರೈಟರ ಮನೆಯ ಇನ್ನೊಂದು ಫ್ರಾಕು, ಈ ಸಲ ಹಳದಿ. ಶಂಕರಮ್ಮ ಹಣೆ ಚಚ್ಚಿಕೊಂಡರು. ಗಿರಿಜಾಂಬಾ ತುಂಗಮ್ಮನನ್ನು ತಡೆದು ನಿಲ್ಲಿಸಿದರು.

"ನಾನು ಎಂತ ಹೇಳಿದ್ದೆ, ನೀನು ಎಂತ ಮಾಡಿದೀಯೇ?"

 ತುಂಗಮ್ಮ ತಲೆ ಎತ್ತಿದಳು. "ತೋಟಕ್ಕೆ ಹರಕಲು ಹಾಕ್ಕೊಂಡು ನಾನು ಹೋಗ್ತೀನಿ ಟೀಚ್ರಮ್ಮ. ಬಂದವ್ರ ಮುಂದೆ ಮಗೂನ ಹರಕಲಲ್ಲಿ ಕೂರ್ಸು ಅಂದ್ರೆ ನನ್ನ ಕೈಲಾಗಲ್ಲ. ನಿಮ್ಮ ಮಗು ಆಗಿದ್ರೆ ಕೂರಿಸ್ತಿದ್ರಾ?"

 ಗಿರಿಜಾಂಬಾ ತಾನೇ ಆಡಬೇಕಾದ ಮಾತನ್ನು ಈ ಹೆಂಗಸು ಆಡಿದ್ದಳು. "ಹೋಗು, ಹೊತ್ತಾಯ್ತು," ಎಂದು ಕಳಿಸಿದರು.

ಸರ್ವಮಂಗಳಾ ಬಂದರು. ಐವತ್ತರ ಹತ್ತಿರದ, ಹೆಚ್ಚು ಮಾತಿಲ್ಲದ ಹೆಂಗಸು. ಅಂಚಿನಲ್ಲಿ ಜರಿ ಇದ್ದ ಒಳ್ಳೆಯ ಹತ್ತಿ ಸೀರೆ ಉಟ್ಟಿದ್ದರು. ಕೋಣೆ ನೋಡಿದರು, ಮಕ್ಕಳನ್ನು ನೋಡಿದರು, ಹಳದಿ ಫ್ರಾಕಿನ ಮೇಲೆ ಅವರ ಕಣ್ಣು ನಿಂತಿತು. "ಮಕ್ಕಳು ಚೆನ್ನಾಗಿದ್ದಾರೆ," ಎಂದಷ್ಟೇ ಹೇಳಿ ಪೆನ್ನು ತೆಗೆದರು. ಹೋದ ಸಲದ ಸಾಹೇಬರೂ ಇದೇ ಮಾತು ಆಡಿದ್ದರು. 

"ಮೇಡಂ, ಊಟ ನಮ್ಮನೇಲಿ ಆಗಿದೆ. ಹೊರಡೋಣ್ವಾ?" ಎಂದರು ಶಂಕರಮ್ಮ. ಜಮಖಾನ ಬೇಡವೆಂದಿದ್ದರೂ ಕಡುಬು ಬಿಡಲು ಅವರಿಗೂ ಆಗಿರಲಿಲ್ಲ.

ಸರ್ವಮಂಗಳಾ ಏಳುವುದರಲ್ಲಿದ್ದರು. ಗಿರಿಜಾಂಬಾ ಅಡ್ಡ ಬಂದು ನಿಂತರು.

"ಊಟ ಇಲ್ಲೇ ಮಾಡಿ, ಮೇಡಂ. ಮಕ್ಳ ಜೊತೆ."

ಶಂಕರಮ್ಮ ಕಣ್ಣು ಅಗಲಿಸಿ ನೋಡಿದರು. ಇಲ್ಲೇನಿದೆ ಎಂದು ಅವರಿಗೆ ಗೊತ್ತಿತ್ತು: ನುಚ್ಚಿನ ಗಂಜಿ, ಹೆಸರುಕಾಳಿನ ಹುಳಿ. ಅಷ್ಟೇ. ಇಡೀ ಜನ್ಮದಲ್ಲಿ ಗಿರಿಜಾಂಬಾ ಬಂದವರಿಗೆ ಗಂಜಿ ಬಡಿಸಿದವರಲ್ಲ. ಚಾಪೆಯ ತುದಿಯಲ್ಲಿ ಅಧಿಕಾರಿಯನ್ನು ಕೂರಿಸಿ, ಅಲ್ಯೂಮಿನಿಯಂ ತಟ್ಟೆ ಇಟ್ಟು, ಬಡಿಸುವಾಗ ಸೌಟಿನ ಗಂಜಿ ನೆಲಕ್ಕೆ ಚೆಲ್ಲಿತು.  ಅವ್ವ ಬದುಕಿದ್ದಿದ್ದರೆ ಈ ಹೊತ್ತು ನನ್ನ ಕಪಾಳಕ್ಕೆ ಬಾರಿಸುತ್ತಿದ್ದಳು ಎಂದುಕೊಂಡರು.

ಅಷ್ಟರಲ್ಲಿ ಮಕ್ಕಳು ಎದ್ದರು. ಯಾರೂ ಹೇಳಿಕೊಡಲಿಲ್ಲ. ಒಳ್ಳೆ ಅಂಗಿ ಹಾಕಿ ಕಳಿಸಿದ ದಿನ ತಾಯಂದಿರು ಮನೆಯಿಂದಲೇ ಹೇಳಿ ಕಳಿಸುತ್ತಿದ್ದ ಮಾತದು. ಒಬ್ಬೊಬ್ಬರಾಗಿ ಅಂಗಿಯ ಗುಂಡಿ ಬಿಚ್ಚಿದರು, ಫ್ರಾಕು ಕಳಚಿದರು. ಕೈಗೆ ಎಟುಕದ ಹುಕ್ಕನ್ನು ಪಕ್ಕದವರಿಂದ ತೆಗೆಸಿಕೊಂಡರು. ಕಳಚಿದ್ದನ್ನು ನೆಲದ ಮೇಲೆ ಹರಡಿ, ತೋಳು ಒಳಗೆ ಮಡಿಸಿ, ಗೋಡೆಯ ಪಕ್ಕ ಸಾಲಾಗಿ ಇಟ್ಟರು. ಮೂರು ವರ್ಷದ್ದೊಂದು ಎರಡು ಸಲ ತಪ್ಪು ಮಡಿಸಿ ಮೂರನೇ ಸಲ ಸರಿ ಮಾಡಿತು. ಆಮೇಲೆ ಬರೀ ಚಡ್ಡಿಯಲ್ಲಿ ಬಂದು ತಟ್ಟೆಯ ಮುಂದೆ ಕೂತರು. ಫ್ರಾಕಿನ ಕೆಳಗೆ ಕಾಣದಿದ್ದ ಪಕ್ಕೆಲುಬು, ಉಬ್ಬಿದ ಹೊಟ್ಟೆ, ಕಜ್ಜಿಯ ಕಲೆ ಎಲ್ಲ ಆ ಬೆಳಕಿನಲ್ಲಿ ಕಂಡವು.

ಹೋದ ಸಲ ಗಿರಿಜಾಂಬಾ ಮುಚ್ಚಿಟ್ಟದ್ದು ಇದನ್ನೇ. ಈಗಲೂ "ಏಯ್, ಹಾಕ್ಕೊಳ್ರೋ" ಎಂಬ ಮಾತು ಬಾಯಿಗೆ ಬಂದೇ ಬಂತು. ನಾಲಗೆ ಕಚ್ಚಿಕೊಂಡು ಹುಳಿ ಬಡಿಸಿದರು.

ಸರ್ವಮಂಗಳಾ ತಟ್ಟೆಗೆ ಕೈ ಹಾಕುವುದರಲ್ಲಿದ್ದರು. ಪಕ್ಕದಲ್ಲಿ ಕೂತ ಚೆಲುವಿ ಅವರ ಸೀರೆಯ ಜರಿಯನ್ನೇ ನೋಡುತ್ತಿದ್ದವಳು ಕೇಳಿದಳು:

"ನೀವು ಸೀರೆ ಬಿಚ್ಚಿಡಲ್ವಾ?"

"ಯಾಕಮ್ಮ?"

"ಹುಳಿ ಬೀಳತ್ತೆ. ಅರಿಶಿನದ ಕಲೆ ಹೋಗಲ್ಲ. ಆಮೇಲೆ ಅವರಿಗೆ ವಾಪಸ್ ಕೊಡೋಕೆ ಆಗಲ್ಲ. ಅಮ್ಮ ಬೈತಾಳೆ."

ಸರ್ವಮಂಗಳಾ ಅವರ ಕೈ ತಟ್ಟೆಯ ಮೇಲೇ ನಿಂತಿತು. "ಯಾರಿಗೆ ವಾಪಸ್ ಕೊಡ್ಬೇಕು?" ಎಂದು ಮೆಲ್ಲಗೆ ಕೇಳಿದರು.

"ರೈಟ್ರು ಮನೆಗೆ. ನಿಮ್ದು ಯಾರ ಮನೇದು?"

ಅಧಿಕಾರಿ ಸೆರಗನ್ನು ಸುತ್ತಿ ಸೊಂಟಕ್ಕೆ ಸಿಕ್ಕಿಸಿ ಗಂಜಿ ಉಂಡರು, ಇನ್ನೊಂದು ಸೌಟು ಹಾಕಿಸಿಕೊಂಡರು. ಅಷ್ಟು ಹೊತ್ತಿಗೆ ಸುಗುಣ ಬಾಗಿಲಲ್ಲಿ ಬಂದು ನಿಂತಳು. ಹಳದಿ ಫ್ರಾಕನ್ನು ಮಧ್ಯಾಹ್ನದೊಳಗೆ ತಲುಪಿಸುತ್ತೇವೆ ಎಂದು ತುಂಗಮ್ಮ ಮಾತು ಕೊಟ್ಟಿದ್ದಳು.

"ಇವತ್ತು ಶಾಲೆ ಇಲ್ವಾ ನಿಂಗೆ?" ಎಂದು ಕೇಳಿದರು ಸರ್ವಮಂಗಳಾ.

"ನಾನು ಶಾಲೆ ಬಿಟ್ಟಿದೀನಿ. ಚೆಲುವಿನ ನೋಡ್ಕೋಬೇಕು."

"ಚೆಲುವಿ ಈಗ ಇಲ್ಲೇ ಇದ್ದಾಳಲ್ಲ?"

ಸುಗುಣ ಒಮ್ಮೆ ಟೀಚರಮ್ಮನ ಮುಖ ನೋಡಿದಳು, ಹೇಳಬಹುದೋ ಬಾರದೋ ಎಂಬಂತೆ. ಗಿರಿಜಾಂಬಾ ತಲೆಯಾಡಿಸಿದರು. "ನೀವು ಹೋದ್ಮೇಲೆ ಇದು ಮತ್ತೆ ಮುಚ್ಚತ್ತಂತೆ. ಅಷ್ಟಕ್ಕೆ ಯಾಕೆ ಶಾಲೆ ಅಂದ್ಲು ಅಮ್ಮ," ಎಂದು ಹೇಳಿ, ಗೋಡೆಯ ಪಕ್ಕದಿಂದ ಫ್ರಾಕು ಎತ್ತಿ, ಎಲ್ಲಾದರೂ ಕಲೆ ಇದೆಯೇ ಎಂದು ತಿರುಗಿಸಿ ತಿರುಗಿಸಿ ನೋಡಿ, ಎದೆಗೆ ಅವಚಿಕೊಂಡು ಹೊರಟಳು.

ಸರ್ವಮಂಗಳಾ ಶಂಕರಮ್ಮನವರ ಮನೆಯ ಕಡುಬಿಗೆ ಹೋಗಲಿಲ್ಲ. ಏನು ಬರೆದುಕೊಂಡರೆಂದು ಯಾರಿಗೂ ಹೇಳಲಿಲ್ಲ. ಜೀಪು ಹತ್ತುವಾಗ ಗಿರಿಜಾಂಬಾ ಅವರಿಗೆ, "ಹುಳಿ ಚೆನ್ನಾಗಿತ್ತು," ಎಂದರು.

ಸಂಜೆ ಮನೆಗೆ ಬಂದ ಗಿರಿಜಾಂಬಾ ಗಂಡನ ಮಂಚದ ಪಕ್ಕ ಧೊಪ್ಪನೆ ಕೂತು ಅತ್ತುಬಿಟ್ಟರು. "ಬಂದವ್ರಿಗೆ ಗಂಜಿ ಬಡಿಸ್ದೆ ಕಣ್ರೀ. ಅದೂ ಅಲ್ಯೂಮಿನಿಯಂ ತಟ್ಟೇಲಿ."

ಮಲ್ಲಿಕಾರ್ಜುನಪ್ಪ ಕೇಳಿದರು: "ಉಪ್ಪು ಹಾಕಿದ್ದೆ ತಾನೇ?"

"ಹಾಕ್ದೆ ಇರ್ತೀನಾ!" ಎಂದು ರೇಗಿ, ಮೂಗು ಒರೆಸಿಕೊಂಡು, ಕಾಫಿಗೆ ನೀರಿಡಲು ಎದ್ದರು.

ಅನುದಾನ ಮುಂದುವರಿಸಲಾಗಿದೆ ಎಂಬ ಕಾಗದ ಬಂದದ್ದು ಮುಂದಿನ ಬೇಸಿಗೆಯಲ್ಲಿ. ಆಮೇಲೆ ಬಹಳ ವರ್ಷ ಶಿಶುವಿಹಾರ ನಡೆಯಿತು. ಗಿರಿಜಾಂಬಾ ಎರಡು ಸಾವಿರದ ಏಳರವರೆಗೆ, ಮಂಡಿನೋವು ಬಿಡದಂತೆ ಹಿಡಿಯುವ ತನಕ, ಅದರ ಟೀಚರಮ್ಮನಾಗಿದ್ದರು. ತಪಾಸಣೆಗೆ ಎಷ್ಟೋ ಜನ ಬಂದರು. ಮಕ್ಕಳು ಪ್ರತಿ ಸಲವೂ ಬಾಚಿದ ತಲೆಯಲ್ಲೇ ಬಂದರು, ಬಂದವರು ಪ್ರತಿ ಸಲವೂ ಮಕ್ಕಳ ಜೊತೆಗೇ ಉಂಡರು. ಅದನ್ನು ಅವರು ಯಾರಿಗೂ ಬಿಟ್ಟುಕೊಡಲಿಲ್ಲ. ತಮ್ಮ ಮನೆಗೆ ಬಂದವರಿಗೆ ಮಾತ್ರ ಕೊನೆಯವರೆಗೂ ಸಕ್ಕರೆ ಕಾಫಿಯೇ.

ಕಾಗದ ಬಂದ ಮೇಲೆ ಬಾಗಿಲು ತೆರೆದದ್ದು ಜೂನಿನಲ್ಲಿ, ಶಾಲೆ ಶುರುವಾದ ದಿನವೇ. ಸುಗುಣಳ ಓರಗೆಯವರು ಮುಂದಿನ ತರಗತಿಗೆ ಹೋಗಿದ್ದರು, ಇವಳು ಬಿಟ್ಟಲ್ಲಿಂದಲೇ ಸಣ್ಣವರ ಜೊತೆ ಕೂರಬೇಕಿತ್ತು. ಬೆಳಿಗ್ಗೆ ಮಳೆಯಲ್ಲಿ ತಂಗಿಯನ್ನು ಸೊಂಟದಲ್ಲಿ ಹೊತ್ತು ಬಂದವಳು ಗಿರಿಜಾಂಬಾ ಅವರ ಕೈಗೆ ದಾಟಿಸಿದಳು.

"ಮತ್ತೆ ಮುಚ್ಚಲ್ಲ ಅಲ್ವಾ ಟೀಚ್ರೆ?"

"ನಾನಿರೋವರ್ಗೂ ಮುಚ್ಚಲ್ಲ. ಹೋಗೇ, ಹೊತ್ತಾಗತ್ತೆ."

ಹೊತ್ತಾಗಿರಲಿಲ್ಲ. ಶಾಲೆಯ ಗಂಟೆಗೆ ಇನ್ನೂ ತುಂಬಾ ಸಮಯವಿತ್ತು. ಆದರೂ ಸುಗುಣ ಕೊಪ್ಪೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ತಿರುಗಿ ನೋಡದೆ, ಕೆಸರು ಹಾರಿಸುತ್ತ ಓಡಿದಳು.